ಗದ್ದೆಪ್ಪನ ನ್ಯೂಜಿಲೆಂಡ್ ಮೆಟ್ಟಿಲು

ದೇವದುರ್ಗದ ಗದ್ದೆಪ್ಪ ಗೌಂಡಿ, ಮೂವತ್ತೈದು ವರ್ಷದಿಂದ ಕಂಡವರ ಮನೆ ಕಟ್ಟಿದವನು. ರಾಯಚೂರಿನಿಂದ ಮಾನ್ವಿಗೆ ಹೋಗುವ ಬಸ್ಸಿನಲ್ಲಿ ಕಿಟಕಿ ಪಕ್ಕ ಕೂತರೆ, “ಇದು ನಂದು, ಅದೂ ನಂದು” ಎಂದು ಬೆರಳು ಮಾಡುತ್ತಾ ಹೋಗುತ್ತಾನೆ. ಪಕ್ಕದವರು ಭಾರೀ ಆಸ್ತಿವಂತನೆಂದು ಸ್ವಲ್ಪ ಸರಿದು ಕೂಡುತ್ತಾರೆ. ಅವನಿರುವುದು ಬಾಡಿಗೆ ಮನೆ. ಅದರ ಗೋಡೆ ಬೇರೆ ಯಾರೋ ಕಟ್ಟಿದ್ದು, ಸೊಟ್ಟಗಿದೆ.

ಮಗಳು ವಿಶಾಖಾ ನ್ಯೂಜಿಲೆಂಡಿನಲ್ಲಿ ನರ್ಸು. ಅಲ್ಲಿ ಜಾಗ ಕೊಂಡು ಮನೆ ಕಟ್ಟಿಸುತ್ತಿದ್ದೇನೆ ಎಂದು ಆಕೆ ಹೇಳಿದ ದಿನದಿಂದ ಗದ್ದೆಪ್ಪನಿಗೆ ಒಂದೇ ಆಸೆ: ಆ ಮನೆಗೆ ತನ್ನ ಕೈ ಸೋಕಬೇಕು, ಒಂದು ಇಟ್ಟಿಗೆಯಷ್ಟಾದರೂ. ಪಾಸ್‌ಪೋರ್ಟಿಗೆಂದು ಹೋದ. ಯಂತ್ರದ ಮೇಲೆ ಬೆರಳನ್ನು ಹತ್ತು ಸಲ ಒತ್ತಿದರೂ ಅಚ್ಚು ಬೀಳಲಿಲ್ಲ. ಗೆರೆಗಳನ್ನೆಲ್ಲ ಸಿಮೆಂಟು ತಿಂದಿತ್ತು. “ಒಂದ್ ತಿಂಗಳು ಕೆಲಸ ಬಿಟ್ಟು ಬರ್ರಿ, ಗೆರಿ ಮೂಡ್ತಾವ,” ಎಂದರು ಕಚೇರಿಯವರು. ಬೆರಳಿಗೆ ಗೆರೆ ಬರುವಷ್ಟರಲ್ಲಿ ಹೊಟ್ಟೆಗೆ ಬರೆ ಬೀಳುತ್ತದೆಂದು ಗದ್ದೆಪ್ಪ ಕೆಲಸಕ್ಕೇ ಮರಳಿದ.

ಉಳಿದದ್ದು ಫೋನು. ಇಲ್ಲಿ ಬೆಳಿಗ್ಗೆ ಹತ್ತರ ಚಹಾ ಹೊತ್ತು, ಅಲ್ಲಿ ಇಳಿಸಂಜೆ. ಮಾನ್ವಿಯಲ್ಲಿ ತಾನು ಕಟ್ಟುತ್ತಿದ್ದ ಮನೆಯ ಮುಂದೆ ಉಸುಕಿನ ಗುಂಪಿಯ ಮೇಲೆ ಕೂತು ನೀರುಣಿಸದಿದ್ದರೆ ಹೊಸ ಸಿಮೆಂಟು ಬಿರಿಯುತ್ತದೆಂದು ದಿನಾ ಒಂದೇ ಮಾತು ಕೇಳುತ್ತಿದ್ದ.

“ಗ್ವಾಡಿಗೆ ನೀರು ಹೊಡದ್ರೇನವ್ವಾ?”

“ಹೊಡಿಯಾಕ ಗ್ವಾಡಿ ಎಲ್ಲದ ಯಪ್ಪಾ. ಎಲ್ಲಾ ಕಟಗಿ.”

ಒಂದು ದಿನ ಫೋನು ತಿರುಗಿಸಿ ತೋರಿಸಿಯೇ ಬಿಟ್ಟಳು. ಗದ್ದೆಪ್ಪ ಬಹಳ ಹೊತ್ತು ನೋಡಿದ. “ಇದೇನು ಮನಿಯೋ, ಮದುವಿ ಹಂದರೋ?”

ಜೊತೆಯ ಗೌಂಡಿ ಮೀರಾಹುಸೇನ ಹಿಂದಿನಿಂದ ಇಣುಕಿದ. “ನೀರಿನ ಚಿಂತಿ ಬಿಡು ಗದ್ದೆಪ್ಪಣ್ಣ. ಅಲ್ಲಿ ದಿನಾ ಮಳಿ ಅಂತ. ದೇವರೇ ಹೊಡಿತಾನ.”

ಪಾಯವಿದ್ದರೆ ಅಪಾಯವಿಲ್ಲ ಎಂದು ಊರಿಗೆಲ್ಲ ಹೇಳಿದ ಗದ್ದೆಪ್ಪನಿಗೆ ಮಗಳ ಮನೆಯೊಳಗೆ ಸೇರಲು ಉಪಾಯ ಕಾಣಲಿಲ್ಲ. ಅಂದು ಚಹಾ ಆರಿಹೋಯಿತು. ಮರುದಿನದಿಂದ ನೀರಿನ ಮಾತೆತ್ತಲಿಲ್ಲ. ಉಂಡಿಯಾ, ಮಲಗಿದಿಯಾ ಎಂದಷ್ಟೇ ಕೇಳಿ ಇಡುತ್ತಿದ್ದ. ವಿಶಾಖಾಗೆ ಅದು ತಿಳಿಯದೇ ಇರಲಿಲ್ಲ. ನರ್ಸಿಗೆ ಮಾತಿಗಿಂತ ನಾಡಿ ಬೇಗ ಸಿಗುತ್ತದೆ.

ಒಂದು ವಾರ ಕಳೆದ ಮೇಲೆ ಆಕೆ ಅಂದಳು: “ಯಪ್ಪಾ, ಹಿಂದಿನ ಬಾಗಲಿಗೆ ಒಂದು ಮೆಟ್ಟಲ ಬೇಕು. ಅದು ನೀವು ಮಾಡಬ್ಯಾಡ್ರಿ ಅಂತ ಕೆಲಸದವರಿಗೆ ಹೇಳೀನಿ. ನೀ ಹೇಳು, ನಾ ಕಲಸ್ತೀನಿ.”

ಗದ್ದೆಪ್ಪ ಎದ್ದು ನಿಂತ, ಯಜಮಾನರು ಬಂದಾಗ ನಿಲ್ಲುವ ಹಾಗೆ. “ಡಬ್ಬಿ ತಗೊ. ಒಂದು ಸಿಮೆಂಟು, ಎರಡು ಉಸುಕು, ನಾಕು ಕಡಿ, ಅಂದ್ರ ಸಣ್ಣ ಕಲ್ಲು. ಕಡಿ ಕಡಿಮಿ ಆಗಬಾರ್ದು, ನೀರು ಕಡಿಮಿ ಆಗಬೇಕು. ಹಂಗಲ್ಲ ಯವ್ವಾ, ರೊಟ್ಟಿ ಹಿಟ್ಟೇನದು? ಸಲಿಕಿ ತಿರುವು.”

ಮೆಟ್ಟಿಲು ಸಿದ್ಧವಾಯಿತು. ಒಂದು ಅಂಚು ಚೂರು ಸೊಟ್ಟ. ಮರುದಿನದಿಂದ ನೀರು. ಆಕೆ ಮಗ್ಗಿನಿಂದ ಹೊಡೆಯುತ್ತಿದ್ದಳು, ಇವನು ನೋಡುತ್ತಿದ್ದ. ಚಹಾ ಮುಗಿದರೂ ಫೋನು ಇಡುತ್ತಿರಲಿಲ್ಲ.

ಏಳನೆಯ ದಿನ ಕೇಳಿದಳು: “ಇನ್ನ ಸಾಕಲ್ಲ ಯಪ್ಪಾ?”

ಒಂದು ಮೆಟ್ಟಿಲಿಗೆ ಏಳು ದಿನ ಸಾಕೆಂದು ಮೂವತ್ತೈದು ವರ್ಷ ಹೇಳಿದ ಬಾಯಿ ಈಗ ಬೇರೆ ಲೆಕ್ಕ ಹೇಳಿತು.

“ಅಲ್ಲಿ ಸಿಮೆಂಟಿನ ಗುಣ ನನಗ ಗೊತ್ತಿಲ್ಲವ್ವಾ. ಇಪ್ಪತ್ತೊಂದು ದಿನ ಹೊಡಿ.”

“ಆತು,” ಎಂದಳು ವಿಶಾಖಾ, ಮರುಪ್ರಶ್ನೆ ಇಲ್ಲದೆ.

ಹನ್ನೆರಡನೆಯ ದಿನ ಮೀರಾಹುಸೇನ ಫೋನಿನಲ್ಲಿ ಇಣುಕಿ ಕಣ್ಣುಜ್ಜಿಕೊಂಡ. ಅಲ್ಲಿ ಧೋ ಎಂದು ಮಳೆ. ಒಂದು ಕೈಯಲ್ಲಿ ಕೊಡೆ ಹಿಡಿದ ವಿಶಾಖಾ ಇನ್ನೊಂದು ಕೈಯ ಮಗ್ಗಿನಿಂದ ತೊಯ್ದ ಮೆಟ್ಟಿಲಿಗೆ ನೀರು ಸುರಿಯುತ್ತಿದ್ದಳು.

“ಅಣ್ಣಾ, ಮಳಿ ಬರಾಕತ್ತೈತಲ್ಲೋ,” ಎಂದ ಮೀರಾಹುಸೇನ.

ಗದ್ದೆಪ್ಪ ಕೇಳಿಸದವನಂತೆ ಫೋನನ್ನು ಹತ್ತಿರ ಹಿಡಿದ.

“ಎಡಗಡಿ ಮೂಲಿ ಒಣಗಿದಂಗ ಕಾಣ್ತದ ಯವ್ವಾ. ಅಲ್ಲಿ ಒಂದೀಟು ಹೊಡಿ.”

ಆಕೆ ಬಗ್ಗಿ ಅಲ್ಲಿಯೂ ಹೊಡೆದಳು.