ಸೂಪಾ ಹಿನ್ನೀರಿನ ಕೆಸರಿನಲ್ಲಿ

ನನ್ನ ತವರು ಹಳಿಯಾಳ ತಾಲೂಕಿನಲ್ಲಿ, ತಟ್ಟಿಹಳ್ಳದ ಹಿನ್ನೀರಿನ ಪಕ್ಕದ ಹಳ್ಳಿ. ಮದುವೆ ಮಾಡಿ ಕೊಟ್ಟದ್ದು ಗಣೇಶಗುಡಿ ಕಡೆ, ಸೂಪಾ ಹಿನ್ನೀರಿನ ದಂಡೆಯ ಮನೆಗೆ. "ನಿನ್ನ ನೀರಿನಿಂದ ತಗದು ನೀರಿಗೇ ಕೊಟ್ರು ನೋಡು" ಎಂದು ಚಿಕ್ಕಮ್ಮ ನಕ್ಕಿದ್ದಳು.

ನಮ್ಮ ಕಡೆ ಕಾಳಿ ಹೊಳೆ ಹರಿಯುವುದಕ್ಕಿಂತ ನಿಲ್ಲುವುದೇ ಹೆಚ್ಚು. ಎಲ್ಲಕ್ಕಿಂತ ಮೇಲೆ ಸೂಪಾ ಅಣೆಕಟ್ಟು. ಅಲ್ಲಿ ಬಿಟ್ಟ ನೀರು ಬಂಡೆಗಳ ಮೇಲೆ ಹಾರಿ, ದಾಂಡೇಲಿ ದಾಟಿ, ಬೊಮ್ಮನಹಳ್ಳಿಯಲ್ಲಿ ಮತ್ತೆ ನಿಲ್ಲುತ್ತದೆ. ನನ್ನ ತವರಿನ ನೀರೂ ಕಡೆಗೆ ಸೇರುವುದು ಅಲ್ಲಿಗೇ. ಅದರ ಕೆಳಗೆ ಕೊಡಸಳ್ಳಿ, ಅದಕ್ಕೂ ಕೆಳಗೆ ಕದ್ರಾ, ಆಮೇಲೆ ಸಮುದ್ರ. ಮೇಲಿನದರ ಬಾಗಿಲು ತೆಗೆದರೆ ಕೆಳಗಿನದು ತುಂಬುತ್ತದೆ. ಹೀಗಾಗಿ ಕೆಳಗಿನವುಗಳ ನೀರು ಅಷ್ಟಾಗಿ ಏರಿಳಿಯುವುದಿಲ್ಲ. ನಮ್ಮದು ಹಾಗಲ್ಲ. ಮಳೆಗಾಲ ಮುಗಿಯುವಾಗ ಅಂಗಳದ ಕೆಳಗಿನ ಮಾವಿನ ಮರದ ತನಕ ಬರುವ ನೀರು, ಬೇಸಿಗೆಯಲ್ಲಿ ಕೂಗಿದರೂ ಕೇಳದಷ್ಟು ದೂರ ಸರಿಯುತ್ತದೆ. ನಡುವೆ ಉಳಿಯುವುದು ಒಣಗಿ ಬಿರಿದ ಕೆಂಪು ಬಯಲು.

ನನ್ನ ಮಾವ ಅಣೆಕಟ್ಟಿನ ಕೆಲಸಕ್ಕೆಂದು ಬಂದು ಇಲ್ಲೇ ನಿಂತವರು. ಅವರು ತೀರಿಕೊಂಡ ಮೇಲೆ ಮನೆಯಲ್ಲಿ ನಾವು ಮೂವರೇ: ಅತ್ತೆ, ನನ್ನ ಗಂಡ, ನಾನು. ಗಂಡ ಅಣೆಕಟ್ಟಿನ ಕೆಳಗೆ ಪ್ರವಾಸಿಗರನ್ನು ರಾಫ್ಟಿಂಗಿಗೆ ಕರೆದುಕೊಂಡು ಹೋಗುತ್ತಾನೆ. ಮನೆಯ ಹಿಂದಿನ ಎರಡು ಕೋಣೆ ಹೋಂಸ್ಟೇ. ಹಿನ್ನೀರಿನಲ್ಲಿ ಆಡಲು ಒಂದೆರಡು ಕಯಾಕ್ ದೋಣಿ ಇಟ್ಟಿದ್ದೇವೆ. ರೊಟ್ಟಿ ಬಡಿಯುವುದು, ಹಾಸಿಗೆ ಕೊಡವುವುದು, ಬಂದವರು ತೊಟ್ಟು ಬಿಟ್ಟ ಲೈಫ್ ಜಾಕೆಟ್ ತೊಳೆದು ಒಣಹಾಕುವುದು ನನ್ನ ಕೆಲಸ. ಎಷ್ಟು ಜಾಕೆಟ್ ತೊಳೆದಿದ್ದೇನೋ ದೇವರಿಗೇ ಗೊತ್ತು, ಆದರೆ ಒಂದು ಸಲವೂ ತೊಟ್ಟಿರಲಿಲ್ಲ. ಅತ್ತೆಯ ಮಾತು ಒಂದೇ: "ಮನಿ ಸೊಸಿ ಆ ಕಡೆ ಇಳಿಯೋದು ಬ್ಯಾಡ." ಯಾಕೆಂದು ಕೇಳಿದರೆ ಮಾತು ಬದಲಿಸುತ್ತಿದ್ದಳು. ಮುಂದೆ ನೀರು, ಹಿಂದೆ ಕಾಡು, ಬಸ್ಸು ಬರುವ ರಸ್ತೆಗೆ ದೊಡ್ಡ ನಡಿಗೆ. ಜನ ದೂರದೂರದಿಂದ ಬಂದು "ಎಷ್ಟು ಬಯಲು, ಎಷ್ಟು ಹಗುರ ಅನಸ್ತೈತಿ" ಎಂದು ಉಸಿರು ಬಿಡುವ ಜಾಗದಲ್ಲಿ ನನಗೆ ಉಸಿರು ಕಟ್ಟುತ್ತಿತ್ತು.

ಆ ಮೇ ತಿಂಗಳು ಬೆಳಗಾವಿಯಿಂದ ಒಂದು ಕುಟುಂಬ ಬಂದಿತ್ತು. ಮಗ, ಸೊಸೆ, ಮೊಮ್ಮಕ್ಕಳು ಊಟ ಮುಗಿಸಿ ನನ್ನ ಗಂಡನ ಜೊತೆ ರಾಫ್ಟಿಂಗಿಗೆ ಹೊರಟರು. ಮಗನ ತಾಯಿ ಉಳಿದರು. ಶಾಲೆಯಲ್ಲಿ ಅಕ್ಕೋರಾಗಿದ್ದು ನಿವೃತ್ತರಾದವರು, ಗಟ್ಟಿ ದನಿಯ ದಪ್ಪ ಹೆಂಗಸು. ಜೀಪು ಮರೆಯಾಗುತ್ತಲೇ ಕಟ್ಟೆಯಿಂದ ಎದ್ದರು.

"ನೀರಿನ ತನಕ ಹೋಗೂಣು ನಡಿ ಮಗಳ. ಇಷ್ಟು ದೂರ ಬಂದು ಕಾಲು ತೊಯ್ಸಲಿಲ್ಲಂದ್ರ ಹೆಂಗ?"

"ಬಿಸಿಲು ಐತ್ರೀ ಅಕ್ಕೋರ. ಅವರು ಬರಲಿ, ಸಂಜಿಗೆ ಹೋಗೂಣು."

"ಅವರು ಬಂದ್ರ ನನ್ನ ಬಿಡ್ತಾರೇನು? ಮೊಣಕಾಲು ಅಂತಾರ, ಬಿ.ಪಿ. ಅಂತಾರ. ಬಾ ಸುಮ್ಮನ."

ಆ ಮಾತು ನನಗೆ ತಟ್ಟಿತು. ಅತ್ತೆ ಒಳಗೆ ಮಲಗಿದ್ದಳು. ನಾನು ಚಪ್ಪಲಿ ಮೆಟ್ಟಿಕೊಂಡೆ.

ಕಯಾಕ್ ಇಳಿಸಲು ಗಂಡ ಚಪ್ಪಡಿ ಕಲ್ಲು ಹಾಸಿದ ದಾರಿಯೊಂದಿತ್ತು. ಆ ವರ್ಷ ನೀರು ಅದನ್ನೂ ಬಿಟ್ಟು ಹಿಂದೆ ಹೋಗಿತ್ತು. ಕೊನೆಯ ಕಲ್ಲಿನಿಂದಾಚೆ ನೆಲ ಒಣಗಿ ಹೆಂಚಿನಂತೆ ಕಾಣುತ್ತಿತ್ತು, ಬಿರುಕುಗಳಲ್ಲಿ ಹುಲ್ಲು ಕೂಡ ಚಿಗುರಿತ್ತು. ಅಕ್ಕೋರು ನನ್ನ ಕೈ ಬಿಡಿಸಿಕೊಂಡು ಮುಂದೆ ನಡೆದರು. ನೀರು ಹತ್ತಿರ ಬಂತೆನ್ನುವಾಗ ಅವರ ಬಲಗಾಲಿನ ಕೆಳಗೆ ಹಪ್ಪಳ ಮುರಿದ ಹಾಗೆ ಸದ್ದಾಯಿತು. ಕಾಲು ಮೊಣಕಾಲಿನ ತನಕ ಇಳಿಯಿತು. ಅದನ್ನೆತ್ತಲು ಎಡಗಾಲು ಊರಿದರು, ಅದೂ ಇಳಿಯಿತು.

"ಅಯ್ಯ ಶಿವನ" ಎಂದು ಅವರು ಮೊದಲು ನಕ್ಕರು.

ನಾನು ಓಡಿದೆ. ಅವರ ರಟ್ಟೆ ಹಿಡಿದು ಎಳೆಯುವಾಗ ನನ್ನ ಕೆಳಗಿನ ನೆಲವೂ ಒಡೆಯಿತು. ಮೇಲೆ ಬಿಸಿಲಿಗೆ ಸುಡುವ ಪದರು, ಅದರ ಕೆಳಗೆ ತಣ್ಣಗಿನ, ಹಿಟ್ಟಿನಂಥ ಕೆಸರು. ಕಾಲು ಎತ್ತಿದಷ್ಟೂ ಅದು ಹಿಡಿದುಕೊಳ್ಳುತ್ತಿತ್ತು. ಯಾರೋ ಕೆಳಗೆ ಕುಳಿತು ಪಾದ ಹಿಡಿದಂತೆ. ಸೀರೆಯ ನೆರಿಗೆ ಕೆಸರು ಕುಡಿದು ಕಲ್ಲಿನ ಭಾರವಾಯಿತು. ನೋಡನೋಡುತ್ತಲೇ ತೊಡೆಯ ತನಕ ಇಳಿದಿದ್ದೆ.

"ಅಲ್ಲಾಡಬ್ಯಾಡ್ರಿ ಅಕ್ಕೋರ!" ಎಂದೆ. ಹೇಳುತ್ತಾ ನಾನೇ ಒದ್ದಾಡುತ್ತಿದ್ದೆ.

ಕೂಗಿದೆವು. ಗುಡ್ಡಗಳು ನಮ್ಮ ಕೂಗನ್ನೇ ತಿರುಗಿ ಕೊಟ್ಟವು. ಫೋನಿಗೆ ಅಲ್ಲಿ ಸಿಗ್ನಲ್ ಇಲ್ಲ. ಮನೆ ಕಾಣುತ್ತಿತ್ತು. ಹಗ್ಗದ ಮೇಲೆ ನಾನು ಬೆಳಿಗ್ಗೆ ತೊಳೆದು ಹಾಕಿದ ಕೇಸರಿ ಜಾಕೆಟ್‌ಗಳು ಕಾಣುತ್ತಿದ್ದವು. ನಮ್ಮ ಅಡುಗೆಮನೆಯ ಕಿಟಕಿ ಕಾಣುತ್ತಿತ್ತು. ಕಾಣುವುದೆಲ್ಲ ಇತ್ತು, ಮುಟ್ಟುವಂತಿದ್ದದ್ದು ಅಕ್ಕೋರ ಕೈ ಒಂದೇ.

ಸ್ವಲ್ಪ ಹೊತ್ತಿಗೆ ಅವರ ನಗು ನಿಂತಿತು. ಬಿಸಿಲಿಗೆ ತುಟಿ ಒಣಗಿತು. ನಾನು ಸೆರಗು ಬಿಚ್ಚಿ ಅವರ ತಲೆಗೆ ಹೊದಿಸಿದೆ.

"ನಿನಗ ಈಜು ಬರ್ತೈತೇನು?" ಕೇಳಿದರು.

"ಇಲ್ರಿ."

"ಇಷ್ಟು ನೀರಿನ ಬಾಜೂಕ ಇದ್ದೂ?"

"ನೀರಿಗೆ ಬಿಡೂದಿಲ್ರಿ."

ಅವರು ನನ್ನ ಮುಖ ನೋಡಿ ಕೈ ಬಿಗಿಯಾಗಿ ಹಿಡಿದರು. "ನನಗೂ ಮನ್ಯಾಗ ಹಂಗ. ಗೇಟು ದಾಟಿದ್ರ ಫೋನ್ ಬರ್ತೈತಿ, ಎಲ್ಲಿದ್ದಿ ಅವ್ವಾ ಅಂತ. ಪ್ರೀತೀನ ಅದು. ಆದ್ರ ಕಾಲಿಗೆ ಸಿಕ್ಕೊಳ್ಳತೈತಿ." ಆಮೇಲೆ ಕಣ್ಣು ಮುಚ್ಚಿದರು. ಅವರು ಮಾತು ನಿಲ್ಲಿಸಿದಾಗಲೇ ನನಗೆ ನಿಜವಾದ ಭಯವಾಯಿತು. ಅವರನ್ನು ಮಾತಾಡಿಸಲೆಂದು ಮಗ್ಗಿ ಹೇಳಿಸಿದೆ. ತಪ್ಪಿದರೆ ನಾನು ತಿದ್ದುತ್ತಿದ್ದೆ, ನಾನು ತಪ್ಪಿದರೆ ಅವರು ಬೈಯುತ್ತಿದ್ದರು.

ಬಿಸಿಲು ವಾಲುವಾಗ ಅತ್ತೆ ಅಂಗಳಕ್ಕೆ ಬಂದಳು. ಅಂಗೈ ಹಣೆಗೆ ಹಿಡಿದು ನೋಡಿದಳು. ಅವಳು ಓಡಿ ಬರುತ್ತಾಳೆ, ಅವಳೂ ಸಿಕ್ಕಿಕೊಳ್ಳುತ್ತಾಳೆ ಎಂದು ನಾನು "ಬರಬ್ಯಾಡ್ರಿ ಅತ್ತೀ!" ಎಂದು ಗಂಟಲು ಹರಿಯುವಂತೆ ಕೂಗಿದೆ. ಅವಳು ಹಗ್ಗದ ಮೇಲಿನ ಜಾಕೆಟ್‌ಗಳನ್ನೆಲ್ಲ ಬಾಚಿ ತಬ್ಬಿಕೊಂಡು ಬಂದಳು. ಕೊನೆಯ ಚಪ್ಪಡಿಯ ಮೇಲೆ ಕುಳಿತು ಒಂದೊಂದಾಗಿ ಮುಂದೆ ಎಸೆದು, ಅವುಗಳ ಮೇಲೆ ಹೊಟ್ಟೆ ಹಚ್ಚಿ ತೆವಳಿದಳು. ಹಿಂದಿನದನ್ನು ಎಳೆದು ಮುಂದೆ ಹಾಕುವುದು, ಮತ್ತೆ ತೆವಳುವುದು. ಅರವತ್ತು ದಾಟಿದ ಹೆಂಗಸು. ಏದುಸಿರು ನಮಗೆ ಕೇಳುತ್ತಿತ್ತು.

ಮೊದಲು ಅಕ್ಕೋರು. ಅವರ ಎದೆಗೆ ಜಾಕೆಟ್ ಕೊಟ್ಟು ಮುಂದಕ್ಕೆ ಬಾಗಿಸಿ, ಕಾಲಿನ ಸುತ್ತ ಕೈಯಿಂದಲೇ ಕೆಸರು ತೋಡಿದಳು. ನಾನು ಹಿಂದಿನಿಂದ ನೂಕಿದೆ. ಕಾಲು ಬಂದಾಗ ಮುಸುರೆ ಗುಂಡಿಯಿಂದ ಪಾತ್ರೆ ಎತ್ತಿದಂಥ ಸದ್ದು. ಅವರು ತೆವಳುತ್ತಾ ಕಲ್ಲು ಮುಟ್ಟಿದರು. ಅಷ್ಟರಲ್ಲಿ ನಾನು ಸೊಂಟದ ತನಕ ಇಳಿದಿದ್ದೆ. ಅತ್ತೆ ಎಳೆದಳು, ನಾನು ಬರಲಿಲ್ಲ.

"ಸೀರಿ ಬಿಡು."

"ಅತ್ತೀ, ಯಾರರ ನೋಡಿದ್ರ..."

"ಬಿಡು ಅಂದ್ನಿ! ಸೀರಿ ಹಿಡದೈತಿ ನಿನ್ನ, ಕೆಸರಲ್ಲ."

ಕೆಸರಿನೊಳಗೆ ಕೈ ಇಳಿಸಿ, ನೆರಿಗೆ ಹುಡುಕಿ ಕಿತ್ತೆ. ಸೀರೆ ಅಲ್ಲೇ ಉಳಿಯಿತು. ನಾನು ಲಂಗ ರವಿಕೆಯಲ್ಲಿ ಅತ್ತೆಯ ಹಿಂದೆ ತೆವಳಿ ಬಂದೆ.

ಕಲ್ಲಿನ ಮೇಲೆ ಮೂವರೂ ಬಿದ್ದುಕೊಂಡಿದ್ದಾಗ ಅತ್ತೆ ಬಾಯಿ ಬಿಟ್ಟಳು. ಅವಳು ಈ ಮನೆಗೆ ಹೊಸದಾಗಿ ಬಂದಾಗ, ಅಣೆಕಟ್ಟಿನಲ್ಲಿ ನೀರು ನಿಂತ ಮೊದಲ ಬೇಸಿಗೆಗಳಲ್ಲಿ, ಎಮ್ಮೆ ಹುಡುಕಿಕೊಂಡು ಇಳಿದು ಹೀಗೇ ಸಿಕ್ಕಿದ್ದಳಂತೆ. ಎಮ್ಮೆ ಅವಳ ಕಣ್ಣೆದುರೇ ಕೆಸರಿನಲ್ಲಿ ಮುಳುಗಿ ಹೋಯಿತು. ಮಾವ ಹಲಗೆ ಹಾಕಿ ತೆಗೆದರು. "ಹೇಳಿದ್ರ ಅದು ಕಣ್ಮುಂದ ಬರ್ತೈತಿ. ಅದಕ್ಕ ಹೇಳಲಿಲ್ಲ. ಬ್ಯಾಡ ಅಂದೆ, ಅಷ್ಟ."

ಸಂಜೆ ಎಲ್ಲರೂ ಮರಳಿದಾಗ ಅಕ್ಕೋರು ಸ್ನಾನ ಮಾಡಿ, ಊಟದ ಹೊತ್ತಿಗೆ ಕಥೆಯನ್ನು ನಗುನಗುತ್ತಾ ಹೇಳಿದರು. ಮಗ ನಗಲಿಲ್ಲ. ಮರುದಿನ ಬೆಳಿಗ್ಗೆಯೇ ಸಾಮಾನು ಕಟ್ಟಿಸಿದ. ಕಾರು ಹತ್ತುವಾಗ ಅಕ್ಕೋರು ನನ್ನ ಗಲ್ಲ ಹಿಡಿದು ಏನೋ ಹೇಳಬೇಕೆಂದಿದ್ದರು. ಮಗ ಬಾಗಿಲು ಹಾಕಿದ. ನನ್ನ ಗಂಡ ಕೊನೆಯ ಕಲ್ಲಿಗೆ ಅಡ್ಡವಾಗಿ ಗಳ ಕಟ್ಟಿದ. "ಇನ್ನ ಮ್ಯಾಲೆ ನೀ ಅಂಗಳದಾಗ ಇರು" ಎಂದ. ಭಯಕ್ಕೆ ಹೇಳಿದ್ದು, ಗೊತ್ತಿತ್ತು. ಆದರೂ ಆ ಮಳೆಗಾಲವಿಡೀ ಹೊದಿಕೆ ಕಾಲಿಗೆ ಸುತ್ತಿಕೊಂಡರೆ ಬೆಚ್ಚಿ ಏಳುತ್ತಿದ್ದೆ.

ದಸರೆಯ ಹೊತ್ತಿಗೆ ನೀರು ಮಾವಿನ ಬುಡಕ್ಕೆ ಬಂದು ನಿಂತಿತು. ಒಂದು ಬೆಳಿಗ್ಗೆ ಅತ್ತೆ ಮಗನಿಗೆ ಚಹಾ ಕೊಡುತ್ತಾ ಹೇಳಿದಳು: "ಊರ ಮಂದಿಗೆಲ್ಲ ಕಲಿಸ್ತಿ. ಇಕಿಗೂ ಕಲಿಸು. ನೀರು ಗೊತ್ತಿಲ್ಲದಾಕಿ ಇಲ್ಲಿ ಹೆಂಗ ಬಾಳ್ವೆ ಮಾಡಬೇಕು?" ಅವನು ಅವಳ ಮುಖ ನೋಡಿದ. ನಾನೂ ನೋಡಿದೆ.

ಈಜು, ಹುಟ್ಟು ಹಾಕುವುದು ಕಲಿಯಲು ಬಹಳ ದಿನ ಬೇಕಾದವು. ಎಷ್ಟೋ ಸಲ ಕಯಾಕ್ ಮಗುಚಿ ನೀರು ಕುಡಿದೆ. ದಂಡೆಯಲ್ಲಿ ಅತ್ತೆ ಒಣ ಸೀರೆ ಹಿಡಿದು, ನನ್ನನ್ನೂ ಮಗನನ್ನೂ ಒಟ್ಟಿಗೇ ಬೈಯುತ್ತಾ ಕೂತಿರುತ್ತಿದ್ದಳು. ಕಡೆಗೆ ಒಂದು ದಿನ ಒಬ್ಬಳೇ ನಡುನೀರಿಗೆ ಹೋದೆ. ಹುಟ್ಟನ್ನು ತೊಡೆಯ ಮೇಲೆ ಅಡ್ಡ ಇಟ್ಟು ಕೂತೆ. ನಾಲ್ಕೂ ಕಡೆ ಗುಡ್ಡ, ಎಲ್ಲೂ ಸಂದಿಲ್ಲ. ಇಲ್ಲಿಂದ ಹೊರಗೆ ಹೋಗುವುದು ಅಣೆಕಟ್ಟಿನ ಗೋಡೆಯ ಬಾಗಿಲಿನಿಂದ, ನೀರಾದರೆ ಮಾತ್ರ. ಆದರೆ ಎಲ್ಲಿದ್ದಿ ಎಂದು ಯಾರೂ ಕರೆಯುತ್ತಿರಲಿಲ್ಲ. ಕಾಲುಗಳು ಹಗುರವಾಗಿದ್ದವು. ಮಧ್ಯಾಹ್ನದ ಊಟಕ್ಕೆ ಮಂದಿ ಬರುವವರಿದ್ದರು, ಹಿಟ್ಟು ಇನ್ನೂ ನಾದಿರಲಿಲ್ಲ. ಸ್ವಲ್ಪ ಹೊತ್ತು ಹಾಗೇ ಇದ್ದು, ಹುಟ್ಟು ನೀರಿಗೆ ಇಳಿಸಿ ಮನೆಯ ಕಡೆ ತಿರುಗಿಸಿದೆ.