ಮುನಿಲಕ್ಷ್ಮಮ್ಮ ಕಂಡ ಮದುವೆ

ಕೋರ್ಟಿನ ಅಮೀನ ಜಡಿಗೇನಹಳ್ಳಿಗೆ ಬಂದಾಗ ಮುನಿಲಕ್ಷ್ಮಮ್ಮ ಜಗಲಿಯ ಮೇಲೆ ಕಾಲು ಚಾಚಿ ಕೂತು ಮಲ್ಲಿಗೆ ಮೊಗ್ಗು ಆರಿಸುತ್ತಿದ್ದಳು. ಸಮನ್ಸಿನ ಕಾಗದ ಮುಂದಿಟ್ಟು ಆತ ಪೆನ್ನು ಕೊಟ್ಟ. ಅವಳಿಗೆ ಸಹಿ ಹಾಕಲು ಬರುತ್ತಿತ್ತು, ಆದರೆ ಆ ದಿನ ಹೆಸರಿನ ಕೊನೆಯ ಅಕ್ಷರ ಗೆರೆ ದಾಟಿ ಹೋಯಿತು.

"ನಾನೇನು ಮಾಡಿದ್ದೀನಿ ಅಣ್ಣ?"

"ನೀವೇನೂ ಮಾಡಿಲ್ಲ ಕಣಮ್ಮ. ನೋಡಿದ್ದೀರಂತೆ. ಅದಕ್ಕೇ ಸಾಕ್ಷಿ."

ನೋಡಿದ್ದು ಒಂದು ಮದುವೆ.

ಮುನಿಲಕ್ಷ್ಮಮ್ಮನ ಕಸುಬೇ ಮದುವೆ ಹೆಣ್ಣುಗಳಿಗೆ ಮೊಗ್ಗಿನ ಜಡೆ ಹಾಕುವುದು. ಅತ್ತೆಯಿಂದ ಕಲಿತದ್ದು. ಬಾಳೆಪಟ್ಟೆಯ ಮೇಲೆ ಮೊಗ್ಗನ್ನು ಸಾಲಾಗಿ ಹೊಲಿದು, ನಡುನಡುವೆ ಕನಕಾಂಬರ ಕೂರಿಸಿ, ಹೆಣ್ಣಿನ ತಲೆಗೆ ಬಿಗಿದು, ಪಿನ್ನು ಚುಚ್ಚಿ, ಯಾರ ಕಣ್ಣಿಗೂ ಬೀಳದೆ ಹಿಂಬಾಗಿಲಿನಿಂದ ಹೊರಟುಬಿಡುವುದು ಅವಳ ರೂಢಿ. ಹೊಸಕೋಟೆಯ ಸುತ್ತ ಅವಳ ಕೈಯಲ್ಲಿ ಜಡೆ ಹಾಕಿಸಿಕೊಂಡ ಹೆಣ್ಣುಗಳಿಗೆ ಲೆಕ್ಕವಿಲ್ಲ. ಅವರ ಮುಖಗಳು ಅವಳಿಗೆ ಮರೆತೇ ಹೋಗುತ್ತಿದ್ದವು. ಅವಳು ಯಾವಾಗಲೂ ಅವರ ಬೆನ್ನ ಹಿಂದೆಯೇ ಇದ್ದವಳು.

ಆದರೆ ಶಿಲ್ಪಳ ಮದುವೆಯಲ್ಲಿ ಹಾಗಾಗಲಿಲ್ಲ. ಊರಾಚೆಯ ಸಣ್ಣ ದೇವಸ್ಥಾನದಲ್ಲಿ ಮುಹೂರ್ತ. ಹುಡುಗಿ ಜಡಿಗೇನಹಳ್ಳಿಯ ಕಾಲೋನಿಯವಳು, ಹುಡುಗ ಅನುಗೊಂಡನಹಳ್ಳಿಯ ಜಮೀನ್ದಾರ ವೆಂಕಟರಾಯಪ್ಪನ ಮಗ ಕೆಂಪರಾಜು. ಹುಡುಗನ ಮನೆಗೆ ಗೊತ್ತಾದರೆ ಏನಾಗುತ್ತದೆಂದು ಎಲ್ಲರಿಗೂ ಗೊತ್ತಿತ್ತು. ಹಾಗಾಗಿ ಅಲ್ಲಿದ್ದವರೇ ಬೆರಳೆಣಿಕೆಯ ಜನ: ಪೂಜಾರಪ್ಪ, ಶಿಲ್ಪಳ ತಾಯಿ ರುಕ್ಮಿಣಮ್ಮ, ಕೆಂಪರಾಜುವಿನ ಒಬ್ಬ ಗೆಳೆಯ, ಮತ್ತೆ ಮನೆಯಲ್ಲಿ ಹೇಳದೆ ತಮ್ಮನ ಮೇಲಿನ ಪ್ರೀತಿಗೆ ಬಂದಿದ್ದ ಅವನ ಅಕ್ಕ ಕೀರ್ತನ. ತಾಳಿ ಕಟ್ಟುವ ಹೊತ್ತಿಗೆ ಹೆಣ್ಣಿನ ಕಡೆಯಿಂದ ಜಡೆ ಎತ್ತಿ ಹಿಡಿಯಲು ಬೇರೆ ಯಾರೂ ಇರಲಿಲ್ಲ. ರುಕ್ಮಿಣಮ್ಮ ಅಳುತ್ತ ನಿಂತಿದ್ದಳು. ಹೊರಟಿದ್ದ ಮುನಿಲಕ್ಷ್ಮಮ್ಮ ತಿರುಗಿ ಬಂದು ಜಡೆ ಎತ್ತಿ ಹಿಡಿದಿದ್ದಳು.

ಮದುವೆಯಾದವರು ಹೊಸಕೋಟೆಯಲ್ಲಿ ಬಾಡಿಗೆ ಮನೆ ಮಾಡಿದ್ದರು. ವರ್ಷ ಕಳೆಯುವುದರೊಳಗೆ ವೆಂಕಟರಾಯಪ್ಪ ಮಗನನ್ನು ಕರೆದುಕೊಂಡು ಹೋದ. ಶಿಲ್ಪ ಜೀವನಾಂಶಕ್ಕೆ ಕೋರ್ಟಿಗೆ ಹೋದಾಗ ಕೆಂಪರಾಜು ಹೇಳಿದ್ದು ಒಂದೇ ಮಾತು: ಅವಳು ನನ್ನ ಹೆಂಡತಿಯಲ್ಲ, ನಮಗೆ ಮದುವೆಯೇ ಆಗಿಲ್ಲ. ಫೋಟೊಗಳೆಲ್ಲ ಅವನ ಫೋನಿನಲ್ಲೇ ಇದ್ದವು. ರಿಜಿಸ್ಟರ್ ಮಾಡಿಸಿರಲಿಲ್ಲ. ಪೂಜಾರಪ್ಪ ತೀರಿಕೊಂಡಿದ್ದ. ಗೆಳೆಯ ತಾನಲ್ಲಿ ಇರಲೇ ಇಲ್ಲವೆಂದ.

ಶಿಲ್ಪಳ ಪರ ವಕೀಲೆ ಸಂಘಮಿತ್ರ, ಚಿಕ್ಕ ವಯಸ್ಸಿನ ಹೆಣ್ಣುಮಗಳು, ಸಮನ್ಸಿನ ಹಿಂದೆಯೇ ಮನೆಗೆ ಬಂದಳು. ಮುನಿಲಕ್ಷ್ಮಮ್ಮ ತನ್ನ ಫೋನಿನಲ್ಲಿ ಆ ದಿನದ ಜಡೆಯ ಫೋಟೊ ಹುಡುಕಿ ತೋರಿಸಿದಳು. ಅದರಲ್ಲಿದ್ದದ್ದು ಬೆನ್ನು ಮಾತ್ರ.

"ಇದು ಯಾರ ಬೆನ್ನಾದ್ರೂ ಆಗಬಹುದು ಅಂತಾರೆ ಅಮ್ಮ. ಅಗ್ನಿಸಾಕ್ಷಿಯಾಗಿ ಮದುವೆ ಆಯ್ತು ಅಂತೀವಿ, ಅಗ್ನೀನ ಕೋರ್ಟಿಗೆ ಕರೆಸೋಕಾಗುತ್ತಾ? ತಾಯಿ ಮಾತನ್ನ ತಾಯಿ ಮಾತು ಅಂತ ಪಕ್ಕಕ್ಕಿಡ್ತಾರೆ. ಉಳಿದಿರೋರು ನೀವೇ."

"ಅವರಕ್ಕ ಇದ್ದಾರಲ್ಲ" ಎನ್ನಲು ಬಾಯಿ ತೆರೆದ ಮುನಿಲಕ್ಷ್ಮಮ್ಮ ಸುಮ್ಮನಾದಳು. ಅಕ್ಕನ ವಿಷಯ ಶಿಲ್ಪಳೂ ಹೇಳಿರಲಿಲ್ಲ. ತವರಿಗೆ ಗೊತ್ತಾದರೆ ಕೀರ್ತನಳ ಗತಿಯೇನೆಂದು ಎಲ್ಲರೂ ಬಾಯಿ ಬಿಗಿಹಿಡಿದಿದ್ದರು.

ಅದೇ ವಾರ ವೆಂಕಟರಾಯಪ್ಪನ ಕಾರು ಅವಳ ಮನೆ ಮುಂದೆ ನಿಂತಿತು. ಹೊಸಕೋಟೆಯ ಕಲ್ಯಾಣ ಮಂಟಪವೊಂದರಲ್ಲಿ ಅವನ ಪಾಲಿತ್ತು. ಅವಳಿಗೆ ಬರುತ್ತಿದ್ದ ಕೆಲಸದಲ್ಲಿ ಹೆಚ್ಚಿನದು ಅಲ್ಲಿಂದಲೇ. ಅವನು ಗದರಲಿಲ್ಲ. ಜಗಲಿಯ ಮೇಲೆ ಕೂತು ನೀರು ಕೇಳಿ ಕುಡಿದ.

"ಈ ಸಲದ ಲಗ್ನಕ್ಕೆಲ್ಲಾ ಹೂವು ನಿಂದೇ ಅಂತ ಮಂಟಪದಲ್ಲಿ ಹೇಳಿದ್ದೀನಮ್ಮ."

"ಆಗ್ಲಿ ಯಜಮಾನ್ರೆ."

"ಸುಳ್ಳು ಹೇಳು ಅಂತ ನಾನು ಹೇಳಲ್ಲ. ಜಡೆ ಹಾಕ್ದೆ, ಬೇಗ ಬಂದ್ಬಿಟ್ಟೆ ಅನ್ನು. ನೀನು ಯಾವಾಗ್ಲೂ ಹಂಗೇ ಅಲ್ವಾ ಮಾಡೋದು?"

ಅವನು ಹೋದ ಮೇಲೆ ಮುನಿಲಕ್ಷ್ಮಮ್ಮ ಮೊಗ್ಗಿನ ಮುಂದೆ ಕೂತರೂ ಸೂಜಿ ಓಡಲಿಲ್ಲ. ಅವಳ ಗಂಡ ಮುನೀಂದ್ರ ಹೂವಿನ ಮೂಟೆ ಸಾಗಿಸುವ ಆಟೊ ಓಡಿಸುತ್ತಿದ್ದ. "ಕಂಡಿದ್ದನ್ನೆಲ್ಲಾ ಹೇಳ್ಕೊಂಡು ತಿರುಗೋಕಾಗುತ್ತೇನೇ? ಆಯಪ್ಪ ಹೇಳಿದಂಗೆ ಅಂದ್ಬಿಡು, ಮುಗೀತು" ಎಂದ. ಅಂದಿನಿಂದ ಅವಳನ್ನು ಒಂದು ವಿಚಿತ್ರ ಭಯ ಹಿಡಿಯಿತು. ಆ ಮದುವೆಯನ್ನು ನೆನೆದಷ್ಟೂ ಬೇರೆ ಮದುವೆಗಳು ಅದರೊಳಗೆ ಬಂದು ಸೇರಿಕೊಳ್ಳುತ್ತಿದ್ದವು. ಸೀರೆ ಕೆಂಪೋ ಹಳದಿಯೋ? ಓಲಗ ಇತ್ತೋ ಇಲ್ಲವೋ? ನಿಜವಾಗಿ ತಾನು ಕಂಡದ್ದೆಷ್ಟು, ಹೀಗೇ ಆಗಿರಬೇಕೆಂದು ತಾನೇ ಕೂಡಿಸಿಕೊಂಡದ್ದೆಷ್ಟು? ಹಾಲಿನ ಡೈರಿಯ ಸಾಲಿನಲ್ಲಿ ನಿಂತಾಗಲೂ ತುಟಿ ಅಲ್ಲಾಡುತ್ತಿತ್ತು.

ಮೊದಲ ಸಲ ಕೋರ್ಟಿಗೆ ಹೋದಾಗ ನ್ಯಾಯಾಧೀಶರು ರಜೆ. ಎರಡನೆಯ ಸಲ ಎದುರು ವಕೀಲರು ಸಮಯ ಕೇಳಿದರು. ಪ್ರತಿ ಸಲವೂ ಗಟ್ಟಿ ಮಾಡಿಕೊಂಡು ಹೋದ ಎದೆ ವಾಪಸು ಬರುವಾಗ ಇನ್ನಷ್ಟು ಪುಕ್ಕಲಾಗುತ್ತಿತ್ತು. ಮೂರನೆಯ ಸಲ ಮುನೀಂದ್ರ ತಾನೇ ಆಟೊ ಹೊರಗೆ ತೆಗೆದು ನಿಲ್ಲಿಸಿದ. "ಹತ್ತು" ಎಂದ.

ಅವಳು ಕಟಕಟೆಯಲ್ಲಿ ನಿಂತು ದೇವರ ಮೇಲೆ ಪ್ರಮಾಣ ಮಾಡಿದಳು. ಹಿಂದಿನ ಬೆಂಚಿನಲ್ಲಿ ವೆಂಕಟರಾಯಪ್ಪ ಕೈಕಟ್ಟಿ ಕೂತಿದ್ದ. ಮುಂದೆ ಕೆಂಪರಾಜು ತಲೆ ತಗ್ಗಿಸಿದ್ದ. ಶಿಲ್ಪ ಎಷ್ಟು ಸೊರಗಿದ್ದಳೆಂದರೆ ಗುರುತು ಹಿಡಿಯುವುದಕ್ಕೇ ಒಂದು ಗಳಿಗೆ ಬೇಕಾಯಿತು.

ಸಂಘಮಿತ್ರ ಕೇಳಿದ್ದಕ್ಕೆ ಹೇಗೋ ಉತ್ತರ ಹೇಳಿದಳು. ಎದುರು ವಕೀಲರು ಎದ್ದಾಗ ಎಲ್ಲವೂ ಕಲಸಿಹೋಯಿತು.

"ಯಾವ ವಾರ?"

"ಶುಕ್ರವಾರ."

"ಅರ್ಜಿಯಲ್ಲಿರೋ ದಿನಾಂಕ ಬುಧವಾರ ಬರುತ್ತಲ್ಲ. ಸೀರೆ?"

"ಕೆಂಪು. ಇಲ್ಲ ಸ್ವಾಮಿ, ಅರಿಶಿನದ ಬಣ್ಣ."

"ಯಾವುದಾದ್ರೂ ಒಂದು ಹೇಳಿ. ನೀವು ಜಡೆ ಹಾಕಿ ಹೊರಟುಬಿಟ್ರಿ, ತಾಳಿ ಕಟ್ಟಿದ್ದನ್ನ ನೋಡೇ ಇಲ್ಲ. ಬೇರೆಯವರು ಹೇಳಿಕೊಟ್ಟಿದ್ದನ್ನ ಹೇಳ್ತಿದ್ದೀರಿ."

ಇಲ್ಲೇ ಅವಳು ನಿಲ್ಲಿಸಬಹುದಿತ್ತು. ಹೌದು ಸ್ವಾಮಿ, ಬೇಗ ಬಂದ್ಬಿಟ್ಟೆ ಎಂದರೆ ಮುಗಿಯುತ್ತಿತ್ತು. ಆದರೆ ಆ ಜಡೆಯ ಭಾರ ಅವಳ ಕೈಗೆ ಮರೆತಿರಲಿಲ್ಲ.

"ಇಲ್ಲ ಸ್ವಾಮಿ, ನೋಡ್ದೆ. ಜಡೆ ಎತ್ತಿ ಹಿಡ್ಕೊಂಡಿದ್ದೋಳೇ ನಾನು. ಆಯಪ್ಪನ ಕೈ ನಡುಗ್ತಿತ್ತು. ಒಂದು ಗಂಟು ಆಯಪ್ಪ ಹಾಕ್ದ, ಮಿಕ್ಕ ಎರಡು ಅವರಕ್ಕ ಹಾಕಿದ್ರು."

ಮಾತು ಬಾಯಿಂದ ಬಿದ್ದ ಮೇಲೆ ಅವಳಿಗೆ ಅದು ಕೇಳಿಸಿತು. ಕೆಂಪರಾಜು ತಟ್ಟನೆ ತಲೆಯೆತ್ತಿದ. ಹಿಂದಿನ ಬೆಂಚಿನಲ್ಲಿ ವೆಂಕಟರಾಯಪ್ಪನ ಕಟ್ಟಿದ ಕೈ ಬಿಚ್ಚಿಕೊಂಡಿತು. ಅವನಿಗೆ ಗೊತ್ತೇ ಇರಲಿಲ್ಲ, ತನ್ನ ಮಗಳೂ ಆ ಮದುವೆಯಲ್ಲಿದ್ದಳೆಂದು. ಸಂಘಮಿತ್ರಳ ಪೆನ್ನು ಸರಸರನೆ ಓಡುತ್ತಿತ್ತು.

ಹೊರಗೆ ಬಂದವಳೇ ಮುನಿಲಕ್ಷ್ಮಮ್ಮ ಆಟೊದಲ್ಲಿ ಮುಖ ಮುಚ್ಚಿಕೊಂಡಳು. "ಒಬ್ಬಳ ಮನೆ ಉಳಿಸೋಕೆ ಹೋಗಿ ಇನ್ನೊಬ್ಬಳ ತವರು ತೆಗೆದ್ಬಿಟ್ಟೆ ಕಣ್ರೀ" ಎಂದಳು. ಮುನೀಂದ್ರ ಆಟೊ ಸ್ಟಾರ್ಟ್ ಮಾಡಿದವನು ಮತ್ತೆ ಆಫ್ ಮಾಡಿದ.

ಕೀರ್ತನಳನ್ನು ನಂದಗುಡಿಗೆ ಕೊಟ್ಟಿದ್ದರು. ಮಾರನೆಯ ದಿನ ಮುನಿಲಕ್ಷ್ಮಮ್ಮ ಬಸ್ಸು ಹತ್ತಿ ಅಲ್ಲಿಗೆ ಹೋದಳು. ಕೀರ್ತನ ಅಂಗಳದಲ್ಲಿ ರಾಗಿ ಹರವುತ್ತಿದ್ದಳು. ಅತ್ತು ಅತ್ತು ಕಣ್ಣು ಊದಿತ್ತು. ಅಪ್ಪನ ಫೋನು ಆಗಲೇ ಬಂದಿತ್ತು.

"ಯಾಕೆ ಹೇಳಿದ್ರಿ ಆಂಟಿ?"

"ಬಾಯಿ ತಪ್ಪಿ ಬಂದ್ಬಿಡ್ತು ಕಣವ್ವ. ನಿನ್ನ ಕಾಲಿಗೆ ಬೀಳ್ತೀನಿ."

"ಬೇಡ, ಬೇಡ." ಕೀರ್ತನ ಕೈ ಹಿಡಿದು ತಡೆದಳು. ರಾಗಿಯ ಮೇಲೆ ಬೆರಳಾಡಿಸುತ್ತ ನಿಂತಳು. "ಯಾರಾದ್ರೂ ಬಂದು ಕೇಳ್ತಾರೇನೋ ಅಂತ ಭಯ ಇತ್ತು. ಯಾರೂ ಕೇಳಲ್ವಲ್ಲ ಅಂತ ಸಂಕಟಾನೂ ಇತ್ತು. ಶಿಲ್ಪನ್ನ ಬಸ್ ಸ್ಟ್ಯಾಂಡಲ್ಲಿ ಒಂದ್ಸಲ ನೋಡ್ದೆ. ಸೀರೆ ಸೆರಗಲ್ಲಿ ಮುಖ ಮುಚ್ಕೊಂಡು ಬೇರೆ ಬಸ್ ಹತ್ಬಿಟ್ಟೆ ಆಂಟಿ. ಆ ಹುಡುಗಿ ಕೊರಳಿಗೆ ಗಂಟು ಹಾಕಿದ್ದು ಈ ಕೈಯೇ ಅಲ್ವಾ?"

ಕೋರ್ಟಿಗೆ ಬರುತ್ತೇನೆಂದು ಅವಳು ಹೇಳಲಿಲ್ಲ. ಬರುವುದಿಲ್ಲ ಎಂದೂ ಹೇಳಲಿಲ್ಲ.

ಕೀರ್ತನಳಿಗೆ ಸಮನ್ಸು ಹೋಯಿತು. ಆ ದಿನ ಮುನಿಲಕ್ಷ್ಮಮ್ಮನಿಗೆ ಕೋರ್ಟಿನಲ್ಲಿ ಕೆಲಸವಿರಲಿಲ್ಲ. ಆದರೂ ಹೋಗಿ ಹೊಂಗೆ ಮರದ ಕೆಳಗೆ ನಿಂತಳು. ಗೇಟಿನ ಹೊರಗೆ ನಿಲ್ಲುವ ಪ್ರತಿ ಬೈಕನ್ನೂ ನೋಡಿದಳು. ಕೂಗುವವನು ಎರಡು ಕೇಸು ಕೂಗಿದ. ಕೊನೆಗೆ ಕೀರ್ತನ ಗಂಡನ ಬೈಕಿನಿಂದ ಇಳಿದು, ಅವಳತ್ತ ನೋಡದೆ ಒಳಗೆ ಹೋದಳು. ಎಷ್ಟೋ ಹೊತ್ತಿನ ಮೇಲೆ ಹೊರಗೆ ಬಂದಾಗ ಮುಖ ಬಿಳಿಚಿಕೊಂಡಿತ್ತು. "ಹೇಳ್ದೆ" ಎಂದಷ್ಟೇ ಅಂದಳು.

ಶಿಲ್ಪ ಕೆಂಪರಾಜುವಿನ ಹೆಂಡತಿಯೇ ಎಂದು ನ್ಯಾಯಾಲಯ ಒಪ್ಪಿತು. ಜೀವನಾಂಶ ಕೊಡಬೇಕೆಂದು ಆದೇಶವಾಯಿತು. ಅವನು ಮೇಲಿನ ಕೋರ್ಟಿಗೆ ಹೋಗಿದ್ದಾನೆ. ಶಿಲ್ಪ ಈಗ ಒಂದು ಕಾರ್ಖಾನೆಯಲ್ಲಿ ಪ್ಯಾಕಿಂಗ್ ಕೆಲಸಕ್ಕೆ ಹೋಗುತ್ತಾಳೆ. ಮಂಟಪದಿಂದ ಮುನಿಲಕ್ಷ್ಮಮ್ಮನಿಗೆ ಕರೆ ಬರುವುದು ನಿಂತಿತು. ಹೊಸಕೋಟೆ ಬಸ್ ಸ್ಟ್ಯಾಂಡಿನ ಬಳಿ ಬುಟ್ಟಿ ಇಟ್ಟು ಮೊಳದ ಲೆಕ್ಕದಲ್ಲಿ ಹೂವು ಮಾರುತ್ತಾಳೆ. ಮುಂದೆ ಕಾರೊಂದು ನಿಧಾನವಾದರೆ ಈಗಲೂ ಕಟ್ಟುತ್ತಿದ್ದ ಹೂವು ಬಿಟ್ಟು ತಲೆಯೆತ್ತಿ ನೋಡುತ್ತಾಳೆ.

ಆ ವರ್ಷ ಗೌರಿ ಹಬ್ಬಕ್ಕೆ ಕೀರ್ತನಳಿಗೆ ತವರಿನಿಂದ ಬಾಗಿನ ಬರಲಿಲ್ಲವೆಂದು ಯಾರೋ ಗಿರಾಕಿ ಹೇಳಿದರು. ಮುನಿಲಕ್ಷ್ಮಮ್ಮ ಬುಟ್ಟಿಯನ್ನು ಪಕ್ಕದವಳಿಗೆ ಒಪ್ಪಿಸಿ, ಮೊರ, ಬಳೆ, ಬಾಳೆಯೆಲೆಯಲ್ಲಿ ಸುತ್ತಿದ ಮಲ್ಲಿಗೆ ಹಿಡಿದು ನಂದಗುಡಿ ಬಸ್ಸು ಹತ್ತಿದಳು. ದಾರಿಯುದ್ದಕ್ಕೂ ಒಂದೇ ಯೋಚನೆ: ನಾನ್ಯಾರು ಆ ಹುಡುಗಿಗೆ? ಹೊರಗಿನವಳು ಬಾಗಿನ ತಂದರೆ ಗಾಯಕ್ಕೆ ಉಪ್ಪು ಹಾಕಿದಂತಾಗುವುದಿಲ್ಲವೇ? ಬಾಗಿಲ ಮುಂದೆ ನಿಂತು ಎರಡು ಸಲ ಹಿಂದಕ್ಕೆ ತಿರುಗಿದಳು.

ಬಾಗಿಲು ತಾನಾಗಿ ತೆರೆಯಿತು. ಕೀರ್ತನ ಅವಳನ್ನೂ ಮೊರವನ್ನೂ ನೋಡಿದಳು.

"ಒಳಗೆ ಬನ್ನಿ ಆಂಟಿ" ಎಂದಳು. "ಚಪ್ಪಲೀನ ಒಳಗೇ ಬಿಡಿ, ಹೊರಗಿದ್ರೆ ನಾಯಿ ಕಚ್ಕೊಂಡು ಹೋಗ್ಬಿಡುತ್ತೆ."