ಹಣೆಯ ಗಂಧ

ಚಳಿದೇಶದ ಊರಾದ ಓಕ್‌ವಿಲ್‌ನಲ್ಲಿ, ಗಿಡ ಬೆಳೆಸುವ ಬೆಚ್ಚನೆಯ ಗಾಜಿನ ಮನೆಯೊಂದರಲ್ಲಿ ಮೊಮ್ಮಗಳು ಮೈಥಿಲಿ ತಾನು ಸಾಕುತ್ತಿರುವ ಗಂಧದ ಸಸಿಯನ್ನು ತೋರಿಸಿದಳು. ಅದು ಉಷ್ಣದೇಶದ ದ್ವೀಪವೊಂದರ ಒಣಕಾಡಿನದು. ಅಲ್ಲಿ ತಾಯಿಮರಗಳು ಬೆರಳೆಣಿಕೆಯಷ್ಟೇ ಉಳಿದಿವೆಯಂತೆ. ನೆರೆಯ ಗಿಡದ ಬೇರನ್ನು ಹಿಡಿಯದೆ ಈ ಸಸಿ ಬದುಕದೆಂದು ಅದೇ ಕುಂಡದಲ್ಲಿ ಬೇರೊಂದು ಗಿಡವನ್ನೂ ನೆಟ್ಟಿದ್ದಳು. ನಾನು ಸಸಿಗೆ ಕೈಮುಗಿದೆ.

"ಹಣೇಲಿರೋ ಗಂಧ ಎಲ್ಲೀದು ತಾತ?"

"ನಿಮ್ಮಪ್ಪ ಮಿಸಿಸಾಗದ ಅಂಗಡಿಯಿಂದ ಕೊರಡು ತಂದನಮ್ಮ. ದೂರದ ದ್ವೀಪವೊಂದರ ಕಾಡಿನದಂತೆ, ನೆಟ್ಟು ಬೆಳೆಸಿದ್ದಲ್ಲವಂತೆ." ದ್ವೀಪದ ಹೆಸರನ್ನೂ ಹೇಳಿದೆ.

"ಸೇಮ್ ಫಾರೆಸ್ಟ್ ತಾತ. ನೀವು ತೇಯ್ತಾ ಇರಿ, ನಾನು ನೀರು ಹಾಕ್ತಾ ಇರ್ತೀನಿ."

ಒರೆಸಿಕೊಳ್ಳಲು ಕೈಯೆತ್ತಿದೆ. ಬೆಳಿಗ್ಗೆ ದೇವರಿಗೆ ಅರ್ಪಿಸಿ ಧರಿಸಿದ ಪ್ರಸಾದವದು, ಒರೆಸುವುದು ಅಪಚಾರ. ಕೈ ಇಳಿಸಿದೆ. ಎಳೆಯ ಸಸಿಗೆ ಇನ್ನೂ ವಾಸನೆಯಿರಲಿಲ್ಲ. ಆ ಸೆಕೆಯಲ್ಲಿ ಪರಿಮಳ ಬರುತ್ತಿದ್ದದ್ದು ನನ್ನ ಹಣೆಯಿಂದ ಮಾತ್ರ.